ತುಕ್ಕು ತಿಂದ 1951ರ ಷೆವರ್ಲೆ ಪಿಕಪ್: ಮನೆ ಗ್ಯಾರೇಜಿನ ಒಂದು ಪ್ರಕರಣ

ಗಾಡಿ 1951ರ ಷೆವರ್ಲೆ 3100, ಅರ್ಧ ಟನ್ನಿನ ಪಿಕಪ್. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಜನರಲ್ ಮೋಟಾರ್ಸ್ ಕಂಪನಿ 'ಅಡ್ವಾನ್ಸ್ ಡಿಸೈನ್' ಅನ್ನೋ ಹೆಸರಿನಲ್ಲಿ ಹೊಸ ಟ್ರಕ್ಕುಗಳನ್ನು ತಂದಿತು. 1955ರ ಆರಂಭದವರೆಗೂ ಅದೇ ಆಕಾರ ನಡೆಯಿತು. ದುಂಡಗಿನ ಮಡ್‌ಗಾರ್ಡು, ಐದು ಅಡ್ಡಪಟ್ಟಿಯ ಗ್ರಿಲ್ಲು, ನಡುವೆ ಪಟ್ಟಿ ಇರುವ ಎರಡು ತುಂಡಿನ ಮುಂಗಾಜು. ಹೆಸರು ಗೊತ್ತಿಲ್ಲದವರಿಗೂ ಈ ಮುಖ ಎಲ್ಲೋ ನೋಡಿದಂತಿರುತ್ತದೆ. ಎಂಜಿನ್ 216 ಘನ ಅಂಗುಲದ್ದು, ಅಂದರೆ ಸುಮಾರು 3.5 ಲೀಟರ್, ಒಂದೇ ಸಾಲಿನಲ್ಲಿ ಆರು ಸಿಲಿಂಡರ್. ಬ್ಯಾಟರಿ 6 ವೋಲ್ಟ್. ಪೆಟ್ರೋಲ್ ಟ್ಯಾಂಕು ಕ್ಯಾಬಿನೊಳಗೆ, ಸೀಟಿನ ಬೆನ್ನ ಹಿಂದೆ.

ಗಾಡಿ ನನ್ನ ಗೆಳೆಯನದು, ಕೆಲಸ ನಡೆದದ್ದು ನಮ್ಮ ಮನೆ ಗ್ಯಾರೇಜಿನಲ್ಲಿ. ಒಂದು ಕಾರು ನಿಂತು ಸುತ್ತ ಒಬ್ಬ ಮನುಷ್ಯ ಓಡಾಡುವಷ್ಟು ಜಾಗ. ಗಾಡಿ ಎತ್ತುವ ಲಿಫ್ಟ್ ಇಲ್ಲ, ಬಣ್ಣ ಸಿಂಪಡಿಸುವ ಮುಚ್ಚಿದ ಕೋಣೆ, ಅಂದರೆ ಪೇಂಟ್ ಬೂತ್ ಇಲ್ಲ. ಒಂದು ಮಿಗ್ ವೆಲ್ಡರ್ (ತಂತಿ ತಾನಾಗಿ ಬರುವ ವೆಲ್ಡಿಂಗ್ ಯಂತ್ರ), ಗ್ರೈಂಡರ್, ಜಾಕಿ, ನಾಲ್ಕು ಗಟ್ಟಿ ಸ್ಟ್ಯಾಂಡು, ಸುತ್ತಿಗೆ, ತಟ್ಟುವಾಗ ತಗಡಿನ ಹಿಂದೆ ಹಿಡಿಯುವ ಕಬ್ಬಿಣದ ಗಟ್ಟಿ ಅಂದರೆ ಡಾಲಿ, ಇಷ್ಟೇ ಬಂಡವಾಳ. ಇಷ್ಟರಲ್ಲೇ ಒಂದು ಗಾಡಿಯನ್ನು ರಸ್ತೆಗೆ ತರಬಹುದು. ಆದರೆ ತುಕ್ಕನ್ನು ನೋಡುವ ಕ್ರಮ ಸರಿಯಾಗಿರಬೇಕು. ಪ್ರತಿಯೊಂದು ತೂತಿನ ಮುಂದೆ ನಿಂತು ಎರಡು ಪ್ರಶ್ನೆ ಕೇಳಬೇಕು. ನೀರು ಇಲ್ಲಿಗೆ ಬಂದದ್ದು ಹೇಗೆ? ಬಂದದ್ದು ಹೊರಗೆ ಹೋಗಲಿಲ್ಲ ಯಾಕೆ? ಉತ್ತರ ಸಿಗುವ ಮುಂಚೆ ತಗಡು ಕತ್ತರಿಸಿದರೆ ಹೊಸ ತಗಡೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಈ ಗಾಡಿಯಲ್ಲಿ ಅದು ಮೊದಲೇ ಒಂದು ಸಲ ಆಗಿತ್ತು.

ಮೊದಲ ಪರೀಕ್ಷೆ

ಹೊರಗಿನಿಂದ ನೋಡಿದರೆ ಗಾಡಿ ಪರವಾಗಿಲ್ಲ ಅನ್ನಿಸುತ್ತಿತ್ತು. ಬಾನೆಟ್ ಮೇಲೆ, ಮಡ್‌ಗಾರ್ಡಿನ ಮೇಲೆ ಕಂದು ಬಣ್ಣದ ತೆಳು ತುಕ್ಕು. ಮುಂಗಾಜಿನ ಕೆಳಗೆ ಬಣ್ಣ ಎದ್ದಿತ್ತು. "ಉಜ್ಜಿ ಬಣ್ಣ ಹೊಡೆದರೆ ಮುಗೀತಲ್ಲ?" ಅಂದ ಗೆಳೆಯ. ಮೇಲಿನ ಆ ತುಕ್ಕಿಗೆ ಅವನ ಮಾತು ಸರಿಯೇ. ಕಣ್ಣಿಗೆ ಕಾಣುವ, ಗಾಳಿ ಆಡುವ ಜಾಗದ ತುಕ್ಕು ಎಷ್ಟೋ ವರ್ಷ ಹಾಗೇ ಇದ್ದರೂ ತಗಡನ್ನು ತೂತು ಮಾಡುವುದು ಕಡಿಮೆ. ಮಳೆ ಬರುತ್ತದೆ, ಒಣಗುತ್ತದೆ. ತೂತು ಬೀಳುವುದು ಎರಡು ತಗಡು ಸೇರುವ ಕಡೆ, ಒಳಗೆ ಟೊಳ್ಳು ಇರುವ ಕಡೆ, ಮಣ್ಣು ಕೂತು ತೇವ ಹಿಡಿದುಕೊಳ್ಳುವ ಕಡೆ.

ಪರೀಕ್ಷೆಗೆ ನಾವು ಬಳಸಿದ್ದು ಸಣ್ಣ ಸುತ್ತಿಗೆ, ಮೊನೆ ಇರುವ ಒಂದು ಕಡ್ಡಿ, ಟಾರ್ಚು, ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ. ಒಳ್ಳೆ ತಗಡನ್ನು ತಟ್ಟಿದರೆ ಠಣ್ ಅನ್ನುತ್ತದೆ. ಕೊಳೆತದ್ದು ಮಂದವಾಗಿ ದಬ್ ಅನ್ನುತ್ತದೆ. ಪುಟ್ಟಿ ದಪ್ಪಗೆ ಮೆತ್ತಿದ ಕಡೆ ಅಯಸ್ಕಾಂತ ಹಿಡಿಯುವುದೇ ಇಲ್ಲ. ಕ್ಯಾಬಿನ ಹಿಂದಿನ ಎರಡೂ ಕೆಳಮೂಲೆಗಳಲ್ಲಿ ಅಯಸ್ಕಾಂತ ಜಾರಿ ಬಿತ್ತು. ಪುಟ್ಟಿ ಕೆತ್ತಿ ನೋಡಿದರೆ ಬೆರಳ ದಪ್ಪ ಇತ್ತು. ಅದರ ಕೆಳಗೆ ರಿವೆಟ್ ಹೊಡೆದ ಒಂದು ತಗಡಿನ ತುಂಡು. ಅದರ ಹಿಂದೆ ಮೂಲ ತಗಡಿನ ಹಪ್ಪಳದಂಥ ಚೂರುಗಳು. ಹಿಂದೆ ಯಾರೋ ತೂತು ಮುಚ್ಚಿದ್ದರು, ನೀರಿನ ದಾರಿ ಮುಚ್ಚಿರಲಿಲ್ಲ. ಎರಡು ತಗಡು ಒಂದರ ಮೇಲೊಂದು ಬಂದ ಸಂದಿಯಲ್ಲಿ ತೇವ ನಿಂತು ತುಕ್ಕು ಇನ್ನೂ ಜಾಸ್ತಿಯಾಗಿತ್ತು.

ಆ ದಿನ ಬಣ್ಣದ ಮಾತು ಬಿಟ್ಟೆವು. ಸೀಮೆಸುಣ್ಣದಲ್ಲಿ ಗಾಡಿಯ ಮೈಮೇಲೆಲ್ಲ ಗುರುತು ಹಾಕಿ, ಪಕ್ಕದಲ್ಲಿ ನೀರು ಬಂದ ದಾರಿ ಬರೆಯುತ್ತಾ ಹೋದೆವು. ಮುಂಗಾಜಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಅಲ್ಲಿಂದ ಇಳಿದ ನೀರು ಡ್ಯಾಶ್‌ಬೋರ್ಡಿನ ಹಿಂದಿನಿಂದ ಪೆಡಲುಗಳ ಹತ್ತಿರದ ನೆಲಕ್ಕೆ ಬಂದು, ಮ್ಯಾಟಿನ ಕೆಳಗೆ ನಿಂತಿತ್ತು. ಹಿಂದಿನ ಕಿಟಕಿಯ ರಬ್ಬರಿನಿಂದ ಇಳಿದದ್ದು ಕ್ಯಾಬಿನ ಮೂಲೆಯ ಟೊಳ್ಳಿಗೆ ಸೇರಿತ್ತು. ಆ ಟೊಳ್ಳಿನ ತಳದಲ್ಲಿ ವರ್ಷಗಟ್ಟಲೆಯ ಧೂಳು ಕೆಸರಾಗಿ ಕೂತಿತ್ತು. ಬಾಗಿಲಿನ ಗಾಜಿನ ಪಕ್ಕದಲ್ಲಿ ಇಳಿಯುವ ನೀರು ಬಾಗಿಲಿನ ತಳದ ಸಣ್ಣ ಕಿಂಡಿಗಳಿಂದ ಹೊರಗೆ ಹೋಗಬೇಕು. ಅವೆಲ್ಲ ಮಣ್ಣಿನಿಂದ, ಹಳೆ ಬಣ್ಣದಿಂದ ಮುಚ್ಚಿಹೋಗಿದ್ದವು. ಮುಂದಿನ ಚಕ್ರ ಎಸೆದ ಕೆಸರು ಮಡ್‌ಗಾರ್ಡಿನ ಹಿಂಭಾಗಕ್ಕೂ ಕಾಲಿಟ್ಟು ಹತ್ತುವ ಹಲಗೆಗೂ ನಡುವೆ ಗಟ್ಟಿಯಾಗಿತ್ತು. ಹಿಂದಿನ ಲೋಡ್ ಬಾಡಿಯ ಮರದ ಹಲಗೆ ನೆನೆದು, ಅದರ ಕೆಳಗಿನ ಅಡ್ಡಪಟ್ಟಿಗಳ ಮೇಲ್ಮುಖ ತಿಂದುಹೋಗಿತ್ತು.

ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ತೆಗೆದುಕೊಳ್ಳುತ್ತದೆ. ಹಾಗಾಗಿ ಎರಡು ತಗಡಿನ ನಡುವೆ ತುಕ್ಕು ಬೆಳೆದರೆ ಅವೆರಡನ್ನೂ ಒಳಗಿನಿಂದ ದೂಡುತ್ತದೆ. ಚಾಸಿಯಲ್ಲಿ, ಅಂದರೆ ಇಡೀ ಗಾಡಿಯನ್ನು ಹೊರುವ ಕೆಳಗಿನ ಚೌಕಟ್ಟಿನಲ್ಲಿ, ನಮಗೆ ಸಿಕ್ಕ ಒಂದೇ ಕೆಟ್ಟ ಜಾಗ ಇಂಥದ್ದು. ಒಂದು ಅಡ್ಡಕಂಬಿ ಸೇರುವ ಕಡೆ ರಿವೆಟ್‌ಗಳ ನಡುವೆ ತಗಡು ಉಬ್ಬಿತ್ತು. ಉಳಿದಂತೆ ಚಾಸಿ ಗಟ್ಟಿ. ಚಾಸಿಯೇ ಕೊಳೆತಿದ್ದರೆ ಈ ಕೆಲಸವನ್ನು ಮನೆಯಲ್ಲಿ ಮಾಡುವ ಯೋಚನೆಯನ್ನೇ ಕೈಬಿಡುವಂತೆ ನಾನು ಗೆಳೆಯನಿಗೆ ಹೇಳುತ್ತಿದ್ದೆ.

ಬಿಚ್ಚುವ ಕೆಲಸ

ಮೊದಲು ಇಳಿದದ್ದು ಪೆಟ್ರೋಲ್ ಟ್ಯಾಂಕು. ಕ್ಯಾಬಿನೊಳಗೆ ಟ್ಯಾಂಕು ಇಟ್ಟುಕೊಂಡು ಅದೇ ಕ್ಯಾಬಿಗೆ ವೆಲ್ಡಿಂಗ್ ಮಾಡುವುದನ್ನು ಯೋಚಿಸಲೂಬಾರದು. ಖಾಲಿ ಟ್ಯಾಂಕು ಅಂದರೆ ಅಪಾಯ ಇಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ಆದರೆ ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಜಾಸ್ತಿ ಅಪಾಯ. ಒಳಗೆ ಪೆಟ್ರೋಲ್ ಆವಿಯೂ ಗಾಳಿಯೂ ಬೆರೆತು ಕಿಡಿಗಾಗಿ ಕಾಯುತ್ತಿರುತ್ತವೆ. ಟ್ಯಾಂಕನ್ನು ಹೊರಗೆ ತೆರೆದ ಜಾಗದಲ್ಲಿ ಖಾಲಿ ಮಾಡಿ, ಗ್ಯಾರೇಜಿನಿಂದ ದೂರ ಇಟ್ಟೆವು. ಒಳಗೆ ಹಳೆ ಪೆಟ್ರೋಲ್ ವಾರ್ನಿಷ್‌ನಂತೆ ಅಂಟಿತ್ತು.

ಆಮೇಲೆ ನಟ್ಟು ಬೋಲ್ಟುಗಳ ಜೊತೆ ಹೋರಾಟ. ಇಲ್ಲಿ ಒಂದು ತೀರ್ಮಾನ ಮೊದಲೇ ಮಾಡಿಕೊಂಡಿದ್ದೆವು. ಹೊಸದು ಸುಲಭವಾಗಿ ಸಿಗುವ ಬೋಲ್ಟಿನ ಮೇಲೆ ಸಮಯ ಹಾಕುವುದು ಬೇಡ, ಗ್ರೈಂಡರಿನಲ್ಲಿ ಕತ್ತರಿಸುವುದು. ಬಾಡಿಯೊಳಗೆ ಕೂಡಿಸಿದ ನಟ್ಟಿಗೆ ಹೋಗುವ ಬೋಲ್ಟುಗಳು, ಬಾಗಿಲಿನ ಹಿಂಜ್ ಸ್ಕ್ರೂಗಳು, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸ್ಟಡ್ಡುಗಳು ಇವಕ್ಕೆ ಮಾತ್ರ ತಾಳ್ಮೆ. ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಸಮ ಸಮ ಬೆರೆಸಿ ಹಚ್ಚಿ ರಾತ್ರಿಯಿಡೀ ಬಿಡುತ್ತಿದ್ದೆವು. ಅಸಿಟೋನಿಗೆ ಬೇಗ ಬೆಂಕಿ ಹತ್ತುತ್ತದೆ. ಹಾಗಾಗಿ ಅದು ಪೂರ್ತಿ ಆರುವವರೆಗೆ ಹತ್ತಿರ ಜ್ವಾಲೆ ತರಬಾರದು. ಮರುದಿನ ಕಾಯಿಸಿ, ಮೊದಲು ಬಿಗಿ ಮಾಡುವ ದಿಕ್ಕಿಗೆ ಒಂಚೂರು ತಿರುಗಿಸಿ, ಆಮೇಲೆ ಸಡಿಲ ಮಾಡುವ ದಿಕ್ಕಿಗೆ. ಅಲುಗಿದ ತಕ್ಷಣ ಸಂತೋಷದಲ್ಲಿ ಪೂರ್ತಿ ತಿರುಗಿಸಬಾರದು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಮತ್ತೆ ಎಣ್ಣೆ. ಬಿಚ್ಚಿದ್ದನ್ನೆಲ್ಲ ಚೀಲಕ್ಕೆ ಹಾಕಿ, ಹೆಸರು ಬರೆದು, ಬಿಚ್ಚುವ ಮುಂಚೆ ಫೋಟೋ ತೆಗೆದು ಇಟ್ಟೆವು.

ಬಾಗಿಲು ಹೇಳಿದ ವಿಷಯ

ಎಡ ಬಾಗಿಲು ಸರಿಯಾಗಿ ಕೂರುತ್ತಿರಲಿಲ್ಲ. ಅದರ ಹಿಂದಿನ ಅಂಚು ಕಂಬಕ್ಕಿಂತ ಮೇಲೆ ಇತ್ತು. ಯಾರೋ ಮೊದಲು ಬಾಗಿಲಿನ ಚಿಲಕ ಹಿಡಿಯುವ ಕಂಬದ ಮೇಲಿನ ತುಂಡನ್ನು, ಅಂದರೆ ಸ್ಟ್ರೈಕರನ್ನು ಮೇಲಕ್ಕೆ ಸರಿಸಿ, ಹಿಂಜಿನ ಹತ್ತಿರ ತೆಳು ತಗಡು ತುರುಕಿ ಹೊಂದಿಸಲು ನೋಡಿದ್ದರು. ಗೆಳೆಯನೂ ಹಿಂಜ್ ಹೊಂದಿಸೋಣ ಅಂದ. ಸಾಮಾನ್ಯವಾಗಿ ಹಳೆ ಗಾಡಿಯಲ್ಲಿ ಹಿಂಜ್ ಪಿನ್ನು ಸವೆದು ಬಾಗಿಲು ಕೆಳಗೆ ಜೋಲುತ್ತದೆ. ಇಲ್ಲಿ ಉಲ್ಟಾ ಆಗಿತ್ತು. ಅಂದರೆ ಬಾಗಿಲು ಮೇಲೆ ಹೋಗಿರಲಿಲ್ಲ, ಕಂಬವೇ ಕೆಳಗೆ ಇಳಿದಿತ್ತು, ಅಲ್ವಾ?

ಕೆಳಗೆ ಮಲಗಿ ನೋಡಿದರೆ ಕಾರಣ ಕಂಡಿತು. ಕ್ಯಾಬ್ ಚಾಸಿಯ ಮೇಲೆ ಕೂರುವ ಹಿಂದಿನ ಎಡ ಮೌಂಟಿನ ಸುತ್ತಲಿನ ತಗಡು ಪುಡಿಯಾಗಿತ್ತು. ಮೂಲೆಯ ಟೊಳ್ಳಿನ ಕೆಸರು ಇದ್ದದ್ದು ಸರಿಯಾಗಿ ಅದರ ಮೇಲೆಯೇ. ಹಿಂದಿನ ಕಿಟಕಿಯ ಒಂದು ರಬ್ಬರ್ ಕೆಟ್ಟದ್ದಕ್ಕೆ ಬಾಗಿಲು ಹಾಕಲು ಬಾರದಂತೆ ಆಯಿತು. ಈ ಪೂರ್ತಿ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ ಜಾಗ ಇದೇ. ಹಿಂಜ್ ಹೊಂದಿಸಿ, ಮೂಲೆಗೆ ಹೊಸ ತಗಡು ಹಾಕಿ ಬಣ್ಣ ಹೊಡೆದಿದ್ದರೆ ಕ್ಯಾಬ್ ಆ ವಾಲಿದ ಸ್ಥಿತಿಯಲ್ಲೇ ಶಾಶ್ವತವಾಗಿ ಗಟ್ಟಿಯಾಗುತ್ತಿತ್ತು.

ಹಾಗಾಗಿ ಕತ್ತರಿಸುವ ಮುಂಚೆ ಎತ್ತಿದೆವು. ಕ್ಯಾಬಿನ ಅಡಿಯಲ್ಲಿ ಗಟ್ಟಿಯಾಗಿ ಉಳಿದಿದ್ದ ಕಡೆ ಅಗಲದ ಮರದ ಹಲಗೆ ಇಟ್ಟು, ಜಾಕಿಯಿಂದ ಸ್ವಲ್ಪ ಸ್ವಲ್ಪವೇ ಏರಿಸುತ್ತಾ, ಪ್ರತಿ ಸಲ ಬಾಗಿಲು ಹಾಕಿ ಸುತ್ತಲಿನ ಸಂದಿ ನೋಡಿದೆವು. ಹಿಂಜಿಗೆ ತುರುಕಿದ್ದ ತಗಡು ತೆಗೆದು ಪಿನ್ನುಗಳನ್ನು ಮೊದಲೇ ಹೊಸದಾಗಿ ಹಾಕಿದ್ದೆವು. ಸಂದಿ ಸುತ್ತಲೂ ಒಂದೇ ಸಮ ಬಂದ ಮೇಲೆ ನಿಲ್ಲಿಸಿದೆವು. ಅದೇ ಸ್ಥಿತಿಯಲ್ಲಿ ಬಾಗಿಲಿನ ಜಾಗಕ್ಕೆ ಅಡ್ಡಡ್ಡ ಎರಡು, ಓರೆಯಾಗಿ ಒಂದು ಚೌಕ ಪೈಪು ಇಟ್ಟು ಮುಂದಿನ ಕಂಬಕ್ಕೂ ಹಿಂದಿನ ಕಂಬಕ್ಕೂ ಸಣ್ಣ ಟ್ಯಾಕ್ (ತಾತ್ಕಾಲಿಕ ವೆಲ್ಡ್ ಚುಕ್ಕೆ) ಹಾಕಿದೆವು. ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೂ ಒಂದು ಪೈಪು. ಕರ್ಣದ ಅಳತೆಗಳನ್ನು ಗೋಡೆಯ ಮೇಲೆ ಬರೆದೆವು. ಇಷ್ಟಾದ ಮೇಲೆಯೇ ಗ್ರೈಂಡರ್ ಕೈಗೆ ತೆಗೆದುಕೊಂಡದ್ದು. ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದು ಬದಿ ಮುಟ್ಟಲಿಲ್ಲ. ಎರಡೂ ಬದಿಯನ್ನು ಒಟ್ಟಿಗೆ ಕತ್ತರಿಸಿದರೆ ಕ್ಯಾಬಿಗೆ ತನ್ನ ಆಕಾರ ನೆನಪಿಡಲು ಏನೂ ಉಳಿಯುವುದಿಲ್ಲ.

ತಗಡು ಮತ್ತು ವೆಲ್ಡಿಂಗ್

ಈ ಮಾದರಿಗೆ ಕ್ಯಾಬ್ ಮೂಲೆ, ಬಾಗಿಲಿನ ಕೆಳಗಿನ ಪಟ್ಟಿ, ಪೆಡಲಿನ ಹತ್ತಿರದ ನೆಲ, ಇವೆಲ್ಲ ಹೊಸದಾಗಿ ಅಚ್ಚು ಹೊಡೆದು ಸಿಗುತ್ತವೆ. ಇಷ್ಟು ಹಳೆಯ ಗಾಡಿಗೆ ಇದು ದೊಡ್ಡ ಅನುಕೂಲ. ಎರಡು ದಿಕ್ಕಿಗೂ ಬಾಗಿದ ಮೂಲೆಯ ತಗಡನ್ನು ಕೊಂಡುಕೊಂಡೆವು, ನೆಲದ ಚಪ್ಪಟೆ ತುಂಡುಗಳನ್ನು ನಾವೇ ಮಾಡಿದೆವು. ಕೊಂಡ ತುಂಡನ್ನು ಪೂರ್ತಿ ಬಳಸಬೇಕು ಅಂತೇನಿಲ್ಲ. ಮೂಲ ತಗಡು ಎಲ್ಲಿ ಗಟ್ಟಿಯಾಗಿದೆಯೋ ಅಲ್ಲಿಯವರೆಗೆ ಉಳಿಸಿಕೊಂಡು, ಹೊಸದನ್ನು ಅಷ್ಟಕ್ಕೆ ಕತ್ತರಿಸಬೇಕು. ಕಾರ್ಖಾನೆಯ ಮೂಲ ಬಾಗು ಹೊಸ ತುಂಡಿಗಿಂತ ಯಾವಾಗಲೂ ಚೆನ್ನಾಗಿರುತ್ತದೆ.

ಕೆಲಸದ ಕ್ರಮ ಒಳಗಿನಿಂದ ಹೊರಕ್ಕೆ. ಮೊದಲು ಮೌಂಟ್, ಆಮೇಲೆ ಒಳಗಿನ ಪದರ, ಆಮೇಲೆ ಬಾಗಿಲಿನ ಕೆಳಗಿನ ಪಟ್ಟಿ, ಕೊನೆಗೆ ಹೊರಗೆ ಕಾಣುವ ಮೂಲೆ. ಹೊರಗಿನದನ್ನು ಮುಚ್ಚಿದ ಮೇಲೆ ಒಳಗೆ ಕೈ ಹೋಗುವುದಿಲ್ಲ. ಆದ್ದರಿಂದ ಮುಚ್ಚುವ ಮುಂಚೆ ಒಳಗಿನ ಮುಖಕ್ಕೆಲ್ಲ ಪ್ರೈಮರ್ ಹಾಕಿ, ವೆಲ್ಡಿಂಗ್ ಆಗುವ ಅಂಚಿಗೆ ಮಾತ್ರ ಮೇಲೆಯೇ ವೆಲ್ಡ್ ಮಾಡಬಹುದಾದ 'ವೆಲ್ಡ್ ಥ್ರೂ' ಪ್ರೈಮರ್ ಹಚ್ಚಿದೆವು.

ಎರಡು ತಗಡನ್ನು ಒಂದರ ಮೇಲೊಂದು ಇಟ್ಟು ವೆಲ್ಡ್ ಮಾಡುವುದು ಸುಲಭ. ಅಂಚಿಗೆ ಅಂಚು ಸೇರಿಸುವುದು ಕಷ್ಟ. ಆದರೂ ಹೊರಗಿನ ತಗಡಿಗೆಲ್ಲ ಕಷ್ಟದ ದಾರಿಯನ್ನೇ ಹಿಡಿದೆವು. ಮೇಲೆ ಮೇಲೆ ಇಟ್ಟ ಜೋಡಣೆಯ ಹಿಂದೆ ಒಂದು ಸಂದಿ ಉಳಿಯುತ್ತದೆ. ಹಳೆ ರಿಪೇರಿಯನ್ನು ತಿಂದುಹಾಕಿದ್ದು ಅಂಥದ್ದೇ ಸಂದಿ. ಅಂಚುಗಳ ನಡುವೆ ಸುಮಾರು ಒಂದು ಮಿಲಿಮೀಟರ್ ಬಿಟ್ಟು, 0.6 ಮಿ.ಮೀ. ತಂತಿ, 75 ಪಾಲು ಆರ್ಗಾನ್ 25 ಪಾಲು ಕಾರ್ಬನ್ ಡೈ ಆಕ್ಸೈಡ್ ಗ್ಯಾಸ್ ಬಳಸಿದೆವು. ಗ್ಯಾಸ್ ಇಲ್ಲದ ಫ್ಲಕ್ಸ್ ತಂತಿಯಲ್ಲೂ ಮಾಡಬಹುದು. ಆದರೆ ಅದರ ಬಿಸಿ ಜಾಸ್ತಿ, ತೆಳು ತಗಡಿನಲ್ಲಿ ತೂತು ಬೀಳುವ ಭಯ ಜಾಸ್ತಿ.

ತಗಡು ಸೊಟ್ಟಗಾಗುವುದು ಬಿಸಿಯಿಂದ. ವೆಲ್ಡ್ ಆದ ಜಾಗ ತಣ್ಣಗಾಗುವಾಗ ಕುಗ್ಗುತ್ತದೆ, ಸುತ್ತಲಿನ ತಗಡನ್ನು ಎಳೆಯುತ್ತದೆ. ಆದ್ದರಿಂದ ಉದ್ದಕ್ಕೆ ಗೆರೆ ಎಳೆದಂತೆ ವೆಲ್ಡ್ ಮಾಡಬಾರದು. ಇಲ್ಲೊಂದು ಚುಕ್ಕೆ, ಒಂದು ಗೇಣು ಆಚೆ ಇನ್ನೊಂದು, ಮತ್ತೆ ಈ ತುದಿಗೆ. ಕೈ ಇಟ್ಟರೆ ಸುಡದಷ್ಟು ತಣ್ಣಗಾದ ಮೇಲೆ ಮುಂದಿನ ಚುಕ್ಕೆ. ಪ್ರತಿ ಚುಕ್ಕೆಯನ್ನೂ ಸ್ವಲ್ಪ ಗ್ರೈಂಡ್ ಮಾಡಿ, ಹಿಂದೆ ಡಾಲಿ ಹಿಡಿದು ಮುಂದಿನಿಂದ ಸುತ್ತಿಗೆಯಲ್ಲಿ ಹಗುರಕ್ಕೆ ತಟ್ಟಿದರೆ ಕುಗ್ಗಿದ ಲೋಹ ಮತ್ತೆ ಹರಡಿಕೊಳ್ಳುತ್ತದೆ. ಗ್ರೈಂಡರಿನ ಬಿಸಿಯೂ ತಗಡನ್ನು ಸೊಟ್ಟ ಮಾಡುತ್ತದೆ ಅನ್ನೋದನ್ನು ಮರೆಯಬಾರದು. ಒಂದು ಮೂಲೆಗೆ ಇಡೀ ದಿನ ಹಿಡಿದರೂ ಬೇಸರ ಮಾಡಿಕೊಳ್ಳದೆ ಕೂತು ಮಾಡಬೇಕಾದ ಕೆಲಸ ಇದು. ತುಂಡಿನ ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಕತ್ತರಿಸಿದರೆ ಅಲ್ಲಿ ತಗಡು ಎಳೆದುಕೊಳ್ಳುವುದು ಕಡಿಮೆ.

ಸುರಕ್ಷತೆಯ ಬಗ್ಗೆ ಇಲ್ಲಿ ಗಟ್ಟಿಯಾಗಿ ಹೇಳಲೇಬೇಕಾದ ಒಂದು ಮಾತಿದೆ. ಕೆಲವು ಬ್ರೇಕ್ ಕ್ಲೀನರ್‌ಗಳಲ್ಲಿ ಕ್ಲೋರಿನ್ ಇರುವ ದ್ರಾವಕ ಇರುತ್ತದೆ. ಅದರಿಂದ ತಗಡು ಒರೆಸಿ, ಪೂರ್ತಿ ಆರುವ ಮುಂಚೆ ವೆಲ್ಡ್ ಮಾಡಿದರೆ ಫಾಸ್‌ಜೀನ್ ಅನ್ನೋ ವಿಷದ ಗಾಳಿ ಹುಟ್ಟುತ್ತದೆ. ಮೊದಲನೇ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಗಾಳಿ ಅದು. ವೆಲ್ಡಿಂಗ್ ಮಾಡುವ ಜಾಗದಲ್ಲಿ ಆ ಡಬ್ಬಿಯೇ ಇರಬಾರದು. ಸತುವಿನ ಲೇಪ ಇರುವ ತಗಡಿನ ಹೊಗೆಯೂ ಜ್ವರ ತರುತ್ತದೆ, ಲೇಪ ಉಜ್ಜಿ ತೆಗೆದೇ ವೆಲ್ಡ್ ಮಾಡಬೇಕು. ಕ್ಯಾಬಿನ ಅಡಿಯಲ್ಲಿ ಡಾಂಬರಿನಂಥ ಹಳೆ ಲೇಪ ಇರುತ್ತದೆ, ಅದು ಹೊಗೆಯಾಡುತ್ತಾ ಆಮೇಲೆ ಹೊತ್ತಿಕೊಳ್ಳಬಹುದು. ಅದಕ್ಕೇ ದಿನದ ವೆಲ್ಡಿಂಗ್ ಮುಗಿದ ತಕ್ಷಣ ಗ್ಯಾರೇಜಿನ ಬಾಗಿಲು ಹಾಕಿ ಹೋಗುತ್ತಿರಲಿಲ್ಲ, ಬೆಂಕಿ ನಂದಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಅಲ್ಲೇ ಇರುತ್ತಿದ್ದೆವು.

ಚಾಸಿಯ ಉಬ್ಬಿದ ಜೋಡಣೆಗೆ ರಿವೆಟ್ ತೆಗೆದು, ಎರಡೂ ಮುಖದ ತುಕ್ಕು ತೆಗೆದು ಪ್ರೈಮರ್ ಹಾಕಿ, ತೂತುಗಳನ್ನು ಅಳತೆಗೆ ಸರಿಯಾಗಿ ಕೆರೆದು ನಯ ಮಾಡಿ ಗಟ್ಟಿ ದರ್ಜೆಯ ಬೋಲ್ಟು ಹಾಕಿದೆವು.

ತುಕ್ಕು ತೆಗೆಯುವ ಬಗೆಗಳು

ಎಲ್ಲ ತುಕ್ಕಿಗೂ ಒಂದೇ ಮದ್ದು ಇಲ್ಲ. ಸಣ್ಣ ಭಾಗಗಳಿಗೆ, ಅಂದರೆ ಬ್ರಾಕೆಟ್ಟು, ಹಿಂಜು, ಹಿಡಿಕೆ ಇಂಥವಕ್ಕೆ ಎಲೆಕ್ಟ್ರೊಲಿಸಿಸ್, ಅಂದರೆ ನೀರಿನಲ್ಲಿ ಕರೆಂಟು ಹರಿಸಿ ತುಕ್ಕು ಬಿಡಿಸುವ ವಿಧಾನ, ಚೆನ್ನಾಗಿ ಕೆಲಸ ಮಾಡಿತು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, ಅದಕ್ಕೆ ವಾಷಿಂಗ್ ಸೋಡ. ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿ ತುಕ್ಕು ಹಿಡಿದ ಭಾಗಕ್ಕೆ, ಪಾಸಿಟಿವ್ ಒಂದು ಬೇಡದ ಕಬ್ಬಿಣದ ತುಂಡಿಗೆ. ಈ ವಿಧಾನ ಒಳ್ಳೆ ಲೋಹವನ್ನು ತಿನ್ನುವುದಿಲ್ಲ, ಅದೇ ಇದರ ದೊಡ್ಡ ಗುಣ. ಬೇಡದ ತುಂಡಿನ ಜಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಹಾಕಲೇಬಾರದು. ಅದರಲ್ಲಿರುವ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಇಳಿಯುತ್ತದೆ. ಹೈಡ್ರೋಜನ್ ಗುಳ್ಳೆ ಬರುವುದರಿಂದ ಗಾಳಿ ಆಡುವ ಕಡೆ ಇಡಬೇಕು, ಕ್ಲಿಪ್ ತೆಗೆಯುವ ಮುಂಚೆ ಸ್ವಿಚ್ ಆರಿಸಬೇಕು. ಸ್ಪ್ರಿಂಗಿನಂಥ ಗಡಸು ಉಕ್ಕನ್ನು ಇದಕ್ಕೆ ಹಾಕಬಾರದು, ಹೈಡ್ರೋಜನ್ ಒಳಗೆ ಸೇರಿ ಅದು ಪೆಡಸಾಗಿ ಮುರಿಯಬಹುದು.

ದೊಡ್ಡ ತಗಡಿಗೆ ತಂತಿ ಬ್ರಷ್ಷು, ಆಮೇಲೆ ಗುಳಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲ. ಹೈಡ್ರೋಕ್ಲೋರಿಕ್ ಆಮ್ಲ ವೇಗವಾಗಿ ತುಕ್ಕು ತೆಗೆಯುತ್ತದೆ ನಿಜ. ಆದರೆ ಅದರ ಆವಿ ಗ್ಯಾರೇಜಿನಲ್ಲಿರುವ ಸ್ಪ್ಯಾನರು, ಡ್ರಿಲ್ಲು ಎಲ್ಲಕ್ಕೂ ಹೊಸ ತುಕ್ಕು ಹಿಡಿಸುತ್ತದೆ. ಮುಚ್ಚಿದ ಜಾಗದಲ್ಲಿ ಅದನ್ನು ಬಳಸುವುದು ನನಗೆ ಸರಿ ಕಾಣುವುದಿಲ್ಲ. ಹಳೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದ್ದದ್ದರಿಂದ ಒಣಗಿದ್ದನ್ನು ಉಜ್ಜಲಿಲ್ಲ. ನೀರು ಹಾಕಿ ಉಜ್ಜಿ, ಕೆಸರನ್ನು ಒರೆಸಿ ಬೇರೆ ಇಟ್ಟೆವು, ಸಣ್ಣ ಧೂಳು ತಡೆಯುವ ಮಾಸ್ಕ್ ಹಾಕಿಕೊಂಡೆವು. ಗ್ಯಾರೇಜಿಗೂ ಮನೆಗೂ ಒಂದೇ ಬಾಗಿಲು ಇದ್ದರೆ ಕೆಲಸದ ಬಟ್ಟೆಯಲ್ಲಿ ಒಳಗೆ ಹೋಗಬಾರದು, ಮಕ್ಕಳಿರುವ ಮನೆಯಲ್ಲಂತೂ ಖಂಡಿತ.

ಬರಿ ಲೋಹ ಕಂಡ ದಿನವೇ ಎಪಾಕ್ಸಿ ಪ್ರೈಮರ್ ಹಾಕಬೇಕು. ಸಾಮಾನ್ಯ ಪ್ರೈಮರ್ ತೇವವನ್ನು ಒಳಗೆ ಬಿಡುತ್ತದೆ, ಎಪಾಕ್ಸಿ ತಡೆಯುತ್ತದೆ. ಪುಟ್ಟಿಯೂ ಬರಿ ತಗಡಿನ ಮೇಲಲ್ಲ, ಎಪಾಕ್ಸಿಯ ಮೇಲೆ, ಅದೂ ತೆಳ್ಳಗೆ. ಜೋಡಣೆಗಳಿಗೆ ಸೀಲಾಂಟ್ ಹಾಕುವಾಗ ತಳದ ಕಿಂಡಿಗಳು ಮುಚ್ಚದಂತೆ ಅವುಗಳಲ್ಲಿ ಒಂದೊಂದು ಕಡ್ಡಿ ಸಿಕ್ಕಿಸಿಟ್ಟು, ಆಮೇಲೆ ತೆಗೆದೆವು. ಬಣ್ಣಕ್ಕೆ ಮುಂಚೆ ಎರಡೂ ಮೂಲೆಯ ಟೊಳ್ಳಿಗೆ ಮೇಲಿನಿಂದ ನೀರು ಸುರಿದು ನೋಡಿದೆವು. ಬಲಗಡೆ ಸರಾಗವಾಗಿ ಹೊರಗೆ ಬಂತು. ಎಡಗಡೆ ತಳದಲ್ಲಿ ಸ್ವಲ್ಪ ನಿಂತಿತು. ಕಿಂಡಿ ಅತಿ ತಗ್ಗಿನ ಜಾಗದಲ್ಲಿ ಇರಲಿಲ್ಲ. ತಗ್ಗಿನಲ್ಲಿ ಹೊಸ ಕಿಂಡಿ ಕೊರೆದು, ಅಂಚಿಗೆ ಪ್ರೈಮರ್ ಹಚ್ಚಿ, ಮತ್ತೆ ನೀರು ಸುರಿದೆವು. ಆಗ ಪೂರ್ತಿ ಇಳಿಯಿತು.

ಎಂಜಿನ್

ಎಂಜಿನ್ ತಿರುಗುತ್ತಿರಲಿಲ್ಲ. ಪ್ಲಗ್ ತೆಗೆದು ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು ಕಾದೆವು. ಸ್ಟಾರ್ಟರ್ ಹಚ್ಚಿ ಬಲವಂತ ಮಾಡಲಿಲ್ಲ. ಫ್ಲೈವೀಲಿನ ಹಲ್ಲಿಗೆ ಕಬ್ಬಿಣದ ಪಟ್ಟಿ ಕೊಟ್ಟು ಹಿಂದೆ ಮುಂದೆ ಅಲುಗಿಸುತ್ತಾ ಬಂದಾಗ ಬಿಟ್ಟುಕೊಂಡಿತು. ಒಂದು ವಾಲ್ವ್ ತೆರೆದ ಸ್ಥಿತಿಯಲ್ಲೇ ಅಂಟಿಕೊಂಡಿತ್ತು. ಹಾಗೇ ಜೋರಾಗಿ ತಿರುಗಿಸಿದ್ದರೆ ವಾಲ್ವನ್ನು ತೆರೆಯಲು ದೂಡುವ ಕಡ್ಡಿ, ಅಂದರೆ ಪುಶ್ ರಾಡ್ ಬಾಗುತ್ತಿತ್ತು.

ಈ 216 ಎಂಜಿನ್ನಿನ ಎಣ್ಣೆ ವ್ಯವಸ್ಥೆ ಇವತ್ತಿನವರಿಗೆ ಹೊಸತು. ಕ್ರ್ಯಾಂಕ್ ಶಾಫ್ಟಿನ ಮುಖ್ಯ ಬೇರಿಂಗುಗಳಿಗೆ ಪಂಪಿನಿಂದ ಎಣ್ಣೆ ಹೋಗುತ್ತದೆ. ಆದರೆ ಪಿಸ್ಟನ್ನನ್ನು ಕ್ರ್ಯಾಂಕ್ ಶಾಫ್ಟಿಗೆ ಸೇರಿಸುವ ಕನೆಕ್ಟಿಂಗ್ ರಾಡುಗಳ ತುದಿಯಲ್ಲಿ ಸಣ್ಣ ಚಮಚದಂಥ ಭಾಗ ಇದೆ. ಅದು ತಟ್ಟೆಯಲ್ಲಿರುವ ಎಣ್ಣೆಗೆ ಬಡಿದು ತಾನೇ ಎತ್ತಿಕೊಳ್ಳುತ್ತದೆ. ಬೇರಿಂಗ್ ಬದಲಿಸುವ ಚಿಪ್ಪಿನದಲ್ಲ, ರಾಡಿಗೇ ಎರಕ ಹೊಯ್ದ ಬ್ಯಾಬಿಟ್ ಅನ್ನೋ ಮೆತ್ತನೆ ಲೋಹದ್ದು. ಆದ್ದರಿಂದ ಎಣ್ಣೆ ತಟ್ಟೆಯಲ್ಲಿ ಕೆಸರು ಕೂತಿದ್ದರೆ ರಾಡು ಒಣಗುತ್ತದೆ. ಸ್ಟಾರ್ಟ್ ಮಾಡುವ ಆತುರ ಬಿಟ್ಟು, ಮೊದಲು ಎಂಜಿನ್ನಿನ ತಳದ ಎಣ್ಣೆ ಪಾತ್ರೆ, ಅಂದರೆ ಸಂಪ್ ಇಳಿಸಿ ತೊಳೆಯಬೇಕು. ಇಳಿಸಿದಾಗ ತಳದಲ್ಲಿ ಕಪ್ಪು ಮೆತ್ತನೆ ಪದರ ಇತ್ತು. ಎಣ್ಣೆ ಪ್ರೆಶರ್ ಮೀಟರಿನ ಮುಳ್ಳು ಕೆಳಗೇ ಇದ್ದರೂ ಗಾಬರಿ ಬೇಡ, ಈ ಎಂಜಿನ್ನಿಗೆ ಅದು ಸಹಜ. ಹಾಗೆಯೇ ಇದನ್ನು ಹೆದ್ದಾರಿಯಲ್ಲಿ ಜೋರಾಗಿ ಓಡಿಸುವುದೂ ಬೇಡ. ಹಿಂದಿನ ಆಕ್ಸಲಿನ ಗೇರಿನ ಅನುಪಾತ 4.11 (ಟಾಪ್ ಗೇರಿನಲ್ಲಿ ಚಕ್ರದ ಒಂದು ಸುತ್ತಿಗೆ ಎಂಜಿನ್ 4.11 ಸುತ್ತು) ಇರುವುದರಿಂದ ವೇಗ ಏರಿದಂತೆ ಎಂಜಿನ್ ತುಂಬಾ ಸುತ್ತುತ್ತದೆ. ಗಂಟೆಗೆ 70 ಕಿಲೋಮೀಟರ್ ಆಸುಪಾಸಿನಲ್ಲಿ ಅದು ನೆಮ್ಮದಿಯಾಗಿರುತ್ತದೆ.

ಬ್ರೇಕು, ವೈರಿಂಗು, ಬಣ್ಣ

ಬ್ರೇಕಿನಲ್ಲಿ ಮೂಲದಂತೆಯೇ ಇರಲಿ ಅನ್ನುವವರ ಜೊತೆ ನಾನು ಒಪ್ಪುವುದಿಲ್ಲ. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳಿಗೆ ದೂಡುವ ಭಾಗ ಮಾಸ್ಟರ್ ಸಿಲಿಂಡರ್. ಆ ಕಾಲದ ಗಾಡಿಯಲ್ಲಿ ಅದರಿಂದ ನಾಲ್ಕೂ ಚಕ್ರಕ್ಕೆ ಒಂದೇ ದಾರಿ. ಎಲ್ಲೇ ಒಂದು ಪೈಪು ಒಡೆದರೂ ಪೆಡಲ್ ನೆಲ ಮುಟ್ಟುತ್ತದೆ, ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಮುಂದಿನ ಚಕ್ರಗಳಿಗೆ ಬೇರೆ, ಹಿಂದಿನವಕ್ಕೆ ಬೇರೆ ದಾರಿ ಇರುವ ಮಾಸ್ಟರ್ ಸಿಲಿಂಡರ್ ಹಾಕಿಸಿದೆವು. ಅದು ನೆಲದ ಕೆಳಗೇ ಕೂರುವುದರಿಂದ ಹೊರಗೆ ಕಾಣುವುದೂ ಇಲ್ಲ. ಪೈಪುಗಳೆಲ್ಲ ತುಕ್ಕು ಹಿಡಿಯದ ತಾಮ್ರ ನಿಕ್ಕಲ್ ಮಿಶ್ರಣದವು. ಹಳೆ ಬ್ರೇಕ್ ಶೂಗಳಲ್ಲಿ ಕಲ್ನಾರು ಇರಬಹುದು, ಹಾಗಾಗಿ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಊದಲಿಲ್ಲ, ಒದ್ದೆ ಮಾಡಿ ಒರೆಸಿದೆವು.

ಕರೆಂಟು 6 ವೋಲ್ಟಿನಲ್ಲೇ ಉಳಿಯಿತು. 6 ವೋಲ್ಟ್ ಅಂದರೆ ಸ್ಟಾರ್ಟ್ ಆಗುವುದಿಲ್ಲ ಅನ್ನುವ ದೂರು ಸಾಮಾನ್ಯ. ತಪ್ಪು ಹೆಚ್ಚಾಗಿ ತಂತಿಯದು. ವೋಲ್ಟ್ ಅರ್ಧ ಆದರೆ ಅದೇ ಕೆಲಸಕ್ಕೆ ಕರೆಂಟು ಎರಡರಷ್ಟು ಹರಿಯಬೇಕು, ಅದಕ್ಕೆ ದಪ್ಪ ಕೇಬಲ್ ಬೇಕು. ಈ ಗಾಡಿಗೆ ಯಾರೋ 12 ವೋಲ್ಟಿನ ತೆಳು ಬ್ಯಾಟರಿ ಕೇಬಲ್ ಹಾಕಿದ್ದರು. ದಪ್ಪ ಕೇಬಲ್ ಹಾಕಿ, ಎಂಜಿನ್ನಿಗೂ ಚಾಸಿಗೂ ಕ್ಯಾಬಿಗೂ ನಡುವಿನ ಅರ್ಥಿಂಗ್ ಜಾಗದ ಬಣ್ಣ ಉಜ್ಜಿ ತೆಗೆದ ಮೇಲೆ ಸ್ಟಾರ್ಟರ್ ಚುರುಕಾಗಿ ತಿರುಗಿತು. ಬಟ್ಟೆ ಸುತ್ತಿದ ಹಳೆ ವೈರುಗಳು ಮುಟ್ಟಿದರೆ ಉದುರುತ್ತಿದ್ದವು, ಪೂರ್ತಿ ಹೊಸ ವೈರಿಂಗ್ ಎಳೆದೆವು.

ಬಣ್ಣದ ವಿಷಯದಲ್ಲಿ ಗ್ಯಾರೇಜಿನ ಮಿತಿ ಒಪ್ಪಿಕೊಂಡೆವು. ಇವತ್ತಿನ ಹೊಳೆಯುವ ಎರಡು ಭಾಗದ ಯುರೆಥೇನ್ ಬಣ್ಣದ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ. ಅದು ಉಸಿರಿಗೆ ಹೋದರೆ ಆಸ್ತಮಾ ಬರಬಹುದು. ಅದಕ್ಕೆ ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮುಖವಾಡ ಬೇಕು, ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಸುಮ್ನೆ ಸಿಂಪಡಿಸುವಂಥದ್ದಲ್ಲ. ಒಳಭಾಗ, ಅಡಿಭಾಗ, ಚಾಸಿ ಎಲ್ಲಕ್ಕೂ ಬ್ರಷ್ಷಿನಲ್ಲಿ ನಾವೇ ಹಚ್ಚಿದೆವು. ಹೊರಮೈ ಮಾತ್ರ ಬೂತ್ ಇರುವ ಕಡೆ ಕೊಟ್ಟೆವು. ಬಣ್ಣ ಒಣಗಿ ಬಂದ ಮೇಲೆ ಮೂಲೆಗಳ, ಬಾಗಿಲುಗಳ ಟೊಳ್ಳಿಗೆ ಉದ್ದ ನಳಿಕೆಯಿಂದ ಮೇಣದ ಲೇಪ ಸಿಂಪಡಿಸಿದೆವು. ಮುಂಗಾಜು, ಹಿಂದಿನ ಕಿಟಕಿ ಎರಡರ ರಬ್ಬರೂ ಹೊಸದು. ಲೋಡ್ ಬಾಡಿಗೆ ಪೈನ್ ಹಲಗೆ, ನಾಲ್ಕೂ ಮುಖಕ್ಕೆ ಎಣ್ಣೆ, ಕತ್ತರಿಸಿದ ತುದಿಗಳಿಗೆ ಎರಡು ಸಲ, ಯಾಕಂದರೆ ಮರ ನೀರು ಕುಡಿಯುವುದು ತುದಿಯಿಂದ.

ಈಗಿನ ಸ್ಥಿತಿ

ಗಾಡಿ ಓಡುವ ಸ್ಥಿತಿಗೆ ಬಂದಿದೆ. ಬಾಗಿಲಿನ ಜಾಗಕ್ಕೆ ಟ್ಯಾಕ್ ಹಾಕಿದ್ದ ಚೌಕ ಪೈಪುಗಳನ್ನು ತೆಗೆದ ಮೇಲೂ ಎಡ ಬಾಗಿಲು ಒಂದೇ ಬೆರಳಿನ ಒತ್ತಿಗೆ ಕೂರುತ್ತದೆ, ಸುತ್ತಲಿನ ಸಂದಿ ಒಂದೇ ಸಮ ಇದೆ, ಕರ್ಣಗಳು ಗೋಡೆಯ ಮೇಲೆ ಬರೆದ ಅಳತೆಗೆ ಸರಿಯಾಗಿವೆ. ಪೈಪಿನಿಂದ ಮುಂಗಾಜಿನ ಮೇಲೆ ಜೋರಾಗಿ ನೀರು ಬಿಟ್ಟಾಗ ನಡುವಿನ ಪಟ್ಟಿಯ ಕೆಳತುದಿಯಲ್ಲಿ ಒಂದೆರಡು ಹನಿ ಒಳಗೆ ಬಂತು. ಅಲ್ಲಿ ರಬ್ಬರಿನ ಕೆಳಗೆ ಸೀಲಾಂಟ್ ಹಾಕಿಯಾಗಿದೆ, ಮುಂದಿನ ಮಳೆಯಲ್ಲಿ ಮ್ಯಾಟ್ ಎತ್ತಿ ಮತ್ತೆ ನೋಡಬೇಕು. ಹಿಂದಿನ ಆಕ್ಸಲಿನ ಬಲ ಸೀಲಿನಿಂದ ಎಣ್ಣೆ ಜಿನುಗುತ್ತಿದೆ. ಅದು ಬ್ರೇಕ್ ಶೂಗೆ ತಗಲುವ ಮುಂಚೆ ಬದಲಿಸಬೇಕಾಗಿರುವುದರಿಂದ ಗೆಳೆಯ ಸೀಲ್ ತರಿಸಿದ್ದಾನೆ. ಅಲ್ಲಿಯವರೆಗೆ ಗಾಡಿ ಸ್ಟ್ಯಾಂಡಿನ ಮೇಲೆ.